ಅಂಟಿಸದೆ ಬಿಟ್ಟ ಪಟ್ಟಿ

೯ ಫೆಬ್ರವರಿ

ಅಮ್ಮಾ,

ನನಗೆ ಅಪ್ಪನ ನೆನಪಿದೆ. ಇಷ್ಟು ವರ್ಷ ನೀನು ಕೇಳಿದಾಗಲೆಲ್ಲ ಇಲ್ಲವೆಂದು ತಲೆ ಅಲ್ಲಾಡಿಸಿದ್ದೇನೆ. ಹಾಗೆ ಅಲ್ಲಾಡಿಸಿದಾಗ ನಿನ್ನ ಭುಜ ಸ್ವಲ್ಪ ಕೆಳಗಿಳಿಯುತ್ತಿತ್ತು, ಅದಕ್ಕೆ. ಬಾಯಿಬಿಟ್ಟು ಸುಳ್ಳು ಹೇಳಲಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಮುಖ ಅಷ್ಟಾಗಿ ನೆನಪಿಲ್ಲ. ಕೈ ನೆನಪಿದೆ. ಅಂಟಿನ ವಾಸನೆ ನೆನಪಿದೆ. ಮುಂದಿನ ಕೋಣೆಯ ತುಂಬ ಜನ ರಿಪೇರಿಗೆ ಬಿಟ್ಟುಹೋದ ಗಿಟಾರುಗಳು ಬೋರಲಾಗಿ ಮಲಗಿರುತ್ತಿದ್ದವು. ಅಪ್ಪ ಬೆರಳಿನ ಗೆಣ್ಣಿನಿಂದ ಅವುಗಳ ಬೆನ್ನು ಮೆಲ್ಲಗೆ ತಟ್ಟಿ, ಕಿವಿಯಿಟ್ಟು, ಒಳಗೆ ಏನು ಸಡಿಲವಾಗಿದೆ ಎಂದು ಹೇಳಿಬಿಡುತ್ತಿದ್ದ. ನೀನು ನನ್ನನ್ನು ಅವುಚಿಕೊಂಡು ಬಚ್ಚಲಮನೆಯ ಚಿಲಕ ಹಾಕಿಕೊಂಡಾಗ ಆ ಬಾಗಿಲನ್ನೂ ಹಾಗೆಯೇ ತಟ್ಟುತ್ತಿದ್ದ. ಕೂಗುತ್ತಿರಲಿಲ್ಲ. ತಟ್ಟುವುದು, ಸುಮ್ಮನಾಗುವುದು, ಕೇಳಿಸಿಕೊಳ್ಳುವುದು. ನೀನು ನನ್ನ ಬಾಯಿ ಮುಚ್ಚಿರುತ್ತಿದ್ದೆ. ನಿನ್ನ ಅಂಗೈ ಉಪ್ಪುಪ್ಪಾಗಿರುತ್ತಿತ್ತು.

ಈಗ ಯಾಕೆ ಹೇಳುತ್ತಿದ್ದೇನೆಂದರೆ, ಹೋದ ಸಲ ಬಂದಾಗ ನಿನ್ನ ಟ್ರಂಕಿನ ತಳದಲ್ಲಿದ್ದ ಕ್ಯಾಸೆಟ್ಟನ್ನು ನಿನಗೆ ಹೇಳದೆ ತೆಗೆದುಕೊಂಡು ಬಂದೆ. ನಾವು ಬಿಟ್ಟು ಓಡಿಬಂದ ಆ ಮನೆಯಲ್ಲೇ ನೀನು ಗಿಟಾರ್ ಹಿಡಿದು ಹಾಡಿಕೊಂಡದ್ದು. ‘ನೀರಿಗೆ ಹೋದವಳು ನೆರಳ ಮರೆತು ಬಂದಳು.’ ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತದೆ, ನೀನು ನಗುತ್ತೀಯ. ನೀನು ನಗುವುದನ್ನು ಅಷ್ಟು ಹೊತ್ತು ನಾನು ಎಂದೂ ಕೇಳಿರಲಿಲ್ಲ.

ನಮ್ಮ ಸ್ಟುಡಿಯೋ ಟೈರ್ ಅಂಗಡಿಯ ಮೇಲಿದೆ ಎಂದು ಬರೆದಿದ್ದೆನಲ್ಲ. ಕೆಳಗೆ ಗಾಳಿ ತುಂಬುವಾಗ ಇಲ್ಲಿ ರೆಕಾರ್ಡಿಂಗ್ ನಿಲ್ಲಿಸಬೇಕು. ಯಜಮಾನರು ಎಲ್ಲರಿಗೂ ಹಳೆಯ ಹಾಡು ತರಲು ಹೇಳಿದ್ದರು. “ಹಳೇ ಹಾಡಿಗೆ ಹೊಸ ಚಪ್ಪಲಿ ಹಾಕ್ಸಿ ಕುಣಿಸೋದೇ ನಮ್ಮ ಕಸುಬು ಕಣಮ್ಮಾ” ಎನ್ನುತ್ತಾರೆ. ನಾನು ನಿನ್ನದಕ್ಕೆ ಹಾಕಿದೆ. ಕಂಪ್ಯೂಟರಿನಲ್ಲಿ ನಿನ್ನ ದನಿಯನ್ನೂ ಗಿಟಾರನ್ನೂ ಬೇರೆ ಬೇರೆ ಮಾಡಿದೆ. ಬೀಟ್ ಕೂರಿಸಿದೆ. ಯಾರಿಗೂ ಗುರುತು ಸಿಗಬಾರದೆಂದು ನಿನ್ನ ದನಿಯನ್ನು ಎಳೆದು, ತೆಳ್ಳಗೆ ಮಾಡಿ, ಸಣ್ಣ ಹುಡುಗಿಯ ದನಿಯಂತೆ ಮಾಡಿದೆ. ಹಾಡಿದವರ ಹೆಸರು ಹಾಕಿಲ್ಲ. ಸ್ಟುಡಿಯೋದ ಹೆಸರು, ಫೋನ್ ನಂಬರು ಮಾತ್ರ ಇದೆ.

ಅದು ಓಡುತ್ತಿದೆ ಅಮ್ಮಾ. ಜಿಮ್ಮಿನಲ್ಲಿ, ಬಸ್ಸಿನಲ್ಲಿ, ಪಕ್ಕದ ಕ್ಷೌರದಂಗಡಿಯಲ್ಲಿ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವ ಮೊದಲು ನಾನೇ ಹೇಳಬೇಕೆನಿಸಿತು. ಬೈಯಬೇಕೆಂದಿದ್ದರೆ ಪೂರ್ತಿ ಬೈದುಬಿಡು, ಅರ್ಧ ಉಳಿಸಿಕೊಳ್ಳಬೇಡ.

ನಿನ್ನ,
ಪಾದರಸ


೧೭ ಫೆಬ್ರವರಿ

ಪಾದರಸ,

ನಿನಗೆ ನೆನಪಿದೆ ಎಂದು ನನಗೆ ಗೊತ್ತಿತ್ತು. ಯಾರ ಮನೆಗೆ ಹೋದರೂ ನೀನು ಮೊದಲು ಬಚ್ಚಲಿನ ಚಿಲಕ ನೋಡುತ್ತೀಯ.

ನಿನ್ನ ಕಾಗದ ಬರುವ ಮುಂಚೆಯೇ ಹಾಡು ಬಂತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಚುತ್ತಿದ್ದೆ. ಇಸ್ತ್ರಿ ಅಕ್ಕ ಫೋನಿನಲ್ಲಿ ಏನೋ ಹಾಕಿದಳು. ಯಾರೋ ಗಿಣಿಯಂಥ ಹುಡುಗಿ ಹಾಡುತ್ತಿದ್ದಾಳೆ ಎಂದುಕೊಂಡೆ. ದನಿ ನನ್ನದೆಂದು ನನಗೇ ತಿಳಿಯಲಿಲ್ಲ. ಆದರೆ ಶುರುವಿನಲ್ಲಿ ದಪ್ಪ ತಂತಿ ಮೀಟಿದಾಗ ‘ಜುಂಯ್’ ಎಂದಿತಲ್ಲ, ಅದಕ್ಕೆ ನನ್ನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. “ಏನೇ, ದೆವ್ವ ಕಂಡೋಳ ಹಾಗೆ ನಿಂತ್ಯಲ್ಲ” ಅಂದಳು. ಬೆನ್ನು ಹಿಡಿಯಿತು ಅಂದೆ.

ಆ ಜುಂಯ್ ಎಲ್ಲಿಂದ ಬರುತ್ತದೆ ಎಂದು ನಿನಗೆ ತಿಳಿಯದು. ಗಿಟಾರಿನ ಹೊಟ್ಟೆಯೊಳಗೆ ಮರದ ಪಟ್ಟಿಗಳಿರುತ್ತವೆ. ನನ್ನದರಲ್ಲಿ ಒಂದು ಪಟ್ಟಿಯ ತುದಿ ಬಿಟ್ಟುಕೊಂಡಿತ್ತು. ಊರಿನವರ ಗಿಟಾರನ್ನೆಲ್ಲ ಅಂಟಿಸಿ ಕೊಡುವವನು ಅದೊಂದನ್ನು ಅಂಟಿಸಲಿಲ್ಲ. ಕೇಳಿದೆ. “ಇರಲಿ ಬಿಡು. ನೀನು ಎಲ್ಲಿ ಕೂತು ನುಡಿಸಿದ್ರೂ ನಂಗೆ ಗೊತ್ತಾಗುತ್ತೆ” ಅಂದ. ನಗುತ್ತಲೇ ಅಂದ.

ನನ್ನ ದನಿ ಬದಲಾಯಿಸಿದೆ, ಸರಿ. ಆದರೆ ಮಗಳೇ, ಅವನು ಮರದ ಸದ್ದು ಕೇಳುವವನು. ಆ ಹಾಡನ್ನು ತೆಗೆಸು. ಕಾಗದದೊಳಗೆ ಊರಿನ ಹೆಸರು ಎಲ್ಲೂ ಬರೆಯಬೇಡ, ಕಾಗದ ಔಷಧಿ ಅಂಗಡಿ ಅಜ್ಜನ ವಿಳಾಸಕ್ಕೇ ಹಾಕು. ನನ್ನ ಕಾಗದಗಳನ್ನು ಓದಿ ಸುಟ್ಟುಬಿಡು.

ಬೈಯುವುದಕ್ಕೆ ಈಗ ಪುರಸೊತ್ತಿಲ್ಲ.

ಅಮ್ಮ


೨ ಮಾರ್ಚ್

ಅಮ್ಮಾ,

ನಿನ್ನ ಕಾಗದ ಓದಿದ ದಿನವೇ ಯಜಮಾನರ ಮುಂದೆ ನಿಂತೆ. ಹಾಡು ತೆಗೆಯಿರಿ ಅಂದೆ. ಯಾಕೆ ಅಂದರು. ಹಾಡಿದವರಿಗೆ ಇಷ್ಟವಿಲ್ಲ ಅಂದೆ. “ಕರೆದ ಹಾಲು ಕೆಚ್ಚಲಿಗೆ ಹೋಗುತ್ತೇನಮ್ಮಾ?” ಅಂದರು. ಆದರೂ ನನ್ನ ಹಟ ಗೊತ್ತಲ್ಲ, ಎರಡು ದಿನ ಬೇರೆ ಕೆಲಸ ಮುಟ್ಟದೆ ಕೂತೆ. ಮೂರನೆಯ ದಿನ ತೆಗೆದರು.

ಏನೂ ಆಗಲಿಲ್ಲ. ಅಷ್ಟರಲ್ಲಿ ಬೇರೆಯವರು ನನ್ನ ರೀಮಿಕ್ಸಿಗೇ ರೀಮಿಕ್ಸ್ ಮಾಡಿದ್ದರು. ಒಬ್ಬ ಅದನ್ನು ಕುದುರೆ ಓಡುವಂತೆ ಓಡಿಸಿದ್ದಾನೆ. ಇನ್ನೊಬ್ಬ ನಿದ್ದೆ ಬರುವಂತೆ ನಿಧಾನ ಮಾಡಿದ್ದಾನೆ. ಮತ್ತೊಂದರಲ್ಲಿ ನಿನ್ನ ದನಿಯೇ ಇಲ್ಲ. ಜುಂಯ್ ಮಾತ್ರ, ಮತ್ತೆ ಮತ್ತೆ. ಜನ ಅದನ್ನು ‘ಜುಂಯ್ ಹಾಡು’ ಎಂದೇ ಕರೆಯುತ್ತಾರೆ. ತಪ್ಪು ನನ್ನದೇ. ದನಿಯನ್ನು ಮುಚ್ಚಲು ಅಷ್ಟು ಕಷ್ಟಪಟ್ಟವಳು ಆ ಸದ್ದನ್ನು ಕತ್ತರಿಸಿ, ಲೂಪ್ ಮಾಡಿ, ಹಾಡಿನ ಬೆನ್ನೆಲುಬು ಮಾಡಿದೆ. ಶುರುವಿನಲ್ಲಂತೂ ಹಾಗೇ ಹಸಿಯಾಗಿ ಬಿಟ್ಟೆ. ಅಷ್ಟು ಚೆನ್ನಾಗಿತ್ತು ಅದು. ಈಗಲೂ ಚೆನ್ನಾಗಿಲ್ಲವೆಂದು ಹೇಳಲಾರೆ.

ಇನ್ನೊಂದು ವಿಷಯ. ಬರೆಯಬೇಡ ಎಂದು ವೈರು ಅಣ್ಣ ಹೇಳಿದ. (ನಮ್ಮ ಕರೆಂಟಿನ ಕೆಲಸದವನು, ಅವನಿಗೆ ಮಾತ್ರ ಒಂದಿಷ್ಟು ಹೇಳಿದ್ದೇನೆ.) “ಸುಮ್ನೆ ಆ ತಾಯಿ ನಿದ್ದೆ ಯಾಕೆ ಕೆಡಿಸ್ತೀಯ” ಅಂದ. ಆದರೆ ಗೊತ್ತಿದ್ದೂ ಹೇಳದಿದ್ದರೆ ನನ್ನ ನಿದ್ದೆ ಕೆಡುತ್ತದೆ. ಸ್ಟುಡಿಯೋಗೆ ಒಂದು ಫೋನ್ ಬಂದಿತ್ತು. ಯಜಮಾನರು ನಗುತ್ತ ಹೇಳಿದರು: “ಎಲ್ಲಾರೂ ಹಾಡಿದ್ಯಾರು ಅಂತ ಕೇಳ್ತಾರೆ. ಇವನ್ಯಾರೋ ಮಹಾರಾಯ, ಆ ಗಿಟಾರ್ ಈಗೆಲ್ಲಿದೆ ಅಂತ ಕೇಳ್ತಾನೆ!”

ಗೊತ್ತಿಲ್ಲ ಎಂದು ಹೇಳಿದರಂತೆ. ಅವರಿಗೆ ನಿಜವಾಗಿಯೂ ಗೊತ್ತಿಲ್ಲ.

ಗಿಟಾರ್ ಇನ್ನೂ ನಿನ್ನ ಮಂಚದ ಕೆಳಗೇ ಇದೆಯಾ?

ಪಾದರಸ


೯ ಮಾರ್ಚ್

ಪಾದರಸ,

ಫೋನಿನಲ್ಲಿ ಅವನು ಮೆಲ್ಲಗೆ ಮಾತಾಡಿದನೇ? ಮಾತಿನ ನಡುವೆ ಸುಮ್ಮನಾಗುತ್ತಿದ್ದನೇ? ಯಜಮಾನರನ್ನು ಕೇಳು. ಬೇಡ, ಕೇಳಬೇಡ.

ನನ್ನ ಹತ್ತಿರ ಬರಬೇಡ. ನೀನು ಬಂದ ದಾರಿಯಲ್ಲೇ ಅವನೂ ಬರುತ್ತಾನೆ. ಅಲ್ಲಿ ಏನೂ ಆಗದವಳ ಹಾಗೆ ಇರು. ನೀನು ಐದು ವರ್ಷದವಳಿದ್ದಾಗ ಅವನು ನೋಡಿದ್ದು, ಮುಖ ಗುರುತು ಸಿಗಲಾರದು. ಯಾರಾದರೂ ಹೆಸರು ಕೇಳಿದರೆ ಬೇರೆ ಹೇಳು. ಸುಳ್ಳು ಹೇಳುವುದು ನಿನ್ನ ಕೈಲಾಗದು ಎಂದು ಗೊತ್ತು. ಆದರೂ ಹೇಳುತ್ತಿದ್ದೇನೆ.

ಚಿಲಕ ಬದಲಾಯಿಸಿದೆ. ಅಂಗಡಿ ಅಜ್ಜ ಬಂದು ಹಾಕಿಕೊಟ್ಟರು. “ಕಳ್ಳರ ಕಾಟನೇನಮ್ಮಾ?” ಅಂದರು. ಹೂಂ ಅಂದೆ.

ಇಸ್ತ್ರಿ ಅಕ್ಕ ಇವತ್ತೂ ಅದೇ ಹಾಡು ಹಾಕಿದ್ದಳು. ನಿಲ್ಲಿಸು ಎನ್ನಲು ಬಾಯಿ ತೆರೆದೆ. ಎರಡನೆಯ ಚರಣ ಮುಗಿಯುವವರೆಗೂ ಅದು ತೆರೆದೇ ಇತ್ತು.

ಊಟ ಬಿಡಬೇಡ.

ಅಮ್ಮ


೨೮ ಮಾರ್ಚ್

ಅಮ್ಮಾ,

ಅವನು ಬಂದ.

ನಾನು ಗಾಜಿನ ಕೋಣೆಯೊಳಗಿದ್ದೆ. ಹಾಡುವವರು ನಿಲ್ಲುವ ಜಾಗ ಅದು. ದೀಪ ಹಾಕಿರಲಿಲ್ಲ, ವೈರು ಸುತ್ತುತ್ತ ಕೂತಿದ್ದೆ. ಹೊರಗಿನ ಮೈಕ್ ಆನ್ ಇತ್ತು, ನನ್ನ ಕಿವಿಯಲ್ಲಿ ಹೆಡ್‌ಫೋನ್ ಇತ್ತು. ಮೊದಲು ಕೇಳಿಸಿದ್ದು ಟಕ್, ಟಕ್. ಆಮೇಲೆ ಏನೂ ಇಲ್ಲ. ಆಮೇಲೆ ಮತ್ತೆ ಟಕ್, ಟಕ್. ನೋಡುವ ಮುಂಚೆಯೇ ನನ್ನ ಕೈ ನನ್ನ ಬಾಯಿ ಮುಚ್ಚಿತ್ತು.

ಗಾಜಿನಾಚೆ ಒಬ್ಬ ಮನುಷ್ಯ ನಮ್ಮ ಮರದ ಗೋಡೆಗೆ ಕಿವಿಯಿಟ್ಟು ನಿಂತಿದ್ದ. ನೋಡಿದರೆ ಯಾರಾದರೂ ಆಗಬಹುದು. ಬ್ಯಾಂಕಿನ ಸಾಲಿನಲ್ಲಿ “ಪರವಾಗಿಲ್ಲ, ನೀವು ಮೊದ್ಲು ಹೋಗಿ” ಎನ್ನುವಂಥವನು. ಇಸ್ತ್ರಿ ಮಾಡಿದ ಅಂಗಿ. ಯಜಮಾನರು ಅವನಿಗೆ ಟೀ ತರಿಸಿದ್ದರು.

“ಇಲ್ಲಿ ಒಳಗಡೆ ಪಟ್ಟಿ ಬಿಟ್ಕೊಂಡಿದೆ. ನಿಮ್ಮ ರೆಕಾರ್ಡಿಂಗಲ್ಲಿ ಸಣ್ಣ ಗುಂಗು ಬರ್ತಿರಬೇಕಲ್ಲ?” ಅಂದ.

“ಬರುತ್ತೆ ಸ್ವಾಮಿ! ಎರಡು ವರ್ಷದಿಂದ ಹುಡುಕ್ತಿದ್ದೀವಿ!” ಯಜಮಾನರು ಕುಣಿದಾಡುವುದೊಂದು ಬಾಕಿ.

“ಆ ಹಾಡು ಮಾಡಿದ್ಯಾರು?”

“ನಮ್ಮ ಹುಡುಗಿ. ಇಲ್ಲೇ ಎಲ್ಲೋ ಇರ್ಬೇಕು, ಒಂದು ಕಡೆ ನಿಲ್ಲೋ ಪೈಕಿ ಅಲ್ಲ ಅವಳು.”

ಅವನು ಗಾಜಿನ ಕಡೆ ನೋಡಿದ. ಕತ್ತಲೆಯಲ್ಲಿ ನಾನು ಕಾಣುತ್ತಿರಲಿಲ್ಲ. ಆದರೂ ನೋಡುತ್ತಲೇ ಇದ್ದ. ಉಸಿರು ಕೇಳಿಸುತ್ತದೇನೋ ಎಂದು ನಾನು ಉಸಿರು ಬಿಡಲಿಲ್ಲ.

ಹೋಗುವಾಗ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ಕೊಟ್ಟುಹೋದ. ಹಾಡಿದವರಿಗೆ ತಲುಪಿಸಬೇಕಂತೆ, ಅವರಿಗೆ ಗುರುತಿದೆಯಂತೆ. ಬಿಚ್ಚಿದೆ. ಆ ಹಳೆಯ ಮರದ ಕ್ಲಾಂಪ್. ಅಂಟು ಒಣಗುವವರೆಗೆ ಮರವನ್ನು ಒತ್ತಿ ಹಿಡಿಯುತ್ತಿತ್ತಲ್ಲ, ನಾನು ಅದರ ತಿರುಪು ತಿರುಗಿಸುತ್ತ ಆಡುತ್ತಿದ್ದೆನಲ್ಲ, ಅದೇ. ತಿರುಪಿಗೆ ಹೊಸದಾಗಿ ಎಣ್ಣೆ ಹಾಕಿದ್ದಾನೆ. ಪಟ್ಟಿ ಅಂಟಿಸಿಕೊಡುತ್ತೇನೆ ಎಂದು ಹೇಳುತ್ತಿದ್ದಾನೆಯೇ ಅಮ್ಮಾ? ಮನುಷ್ಯರು ಬದಲಾಗುತ್ತಾರೆಯೇ? ನನಗೆ ಗೊತ್ತಿಲ್ಲ, ಅದಕ್ಕೆ ಕೇಳುತ್ತಿದ್ದೇನೆ. ನಿನಗೆ ಬೇಕೆಂದರೆ ಕಳಿಸುತ್ತೇನೆ.

ಪೊಲೀಸ್ ಠಾಣೆಗೂ ಹೋಗಿಬಂದೆ. “ಬಂದು ಏನ್ಮಾಡ್ದ?” ಅಂದರು. ಗೋಡೆ ತಟ್ಟಿದ ಅಂದೆ. “ಹೊಡೆದ್ನಾ? ಬೈದ್ನಾ?” ಇಲ್ಲ, ಟೀ ಕುಡಿದ ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೌದು, ಹೊಡೆದ ಎಂದಿದ್ದರೆ ಬರೆದುಕೊಳ್ಳುತ್ತಿದ್ದರೋ ಏನೋ.

ಯಜಮಾನರು ಗೋಡೆ ಸರಿಮಾಡುವ ಕೆಲಸ ಅವನಿಗೇ ಕೊಟ್ಟಿದ್ದಾರೆ. ಸೋಮವಾರದಿಂದ ಬರುತ್ತಾನೆ.

ಪಾದರಸ


೪ ಏಪ್ರಿಲ್

ಮಗಳೇ,

ಅದನ್ನು ಕಳಿಸಬೇಡ. ಮನೆಯೊಳಗೆ ಇಟ್ಟುಕೊಳ್ಳಬೇಡ. ಹರಿಯುವ ನೀರಿಗೆ ಹಾಕು.

ನನ್ನ ಎಡಗೈ ಕಿರುಬೆರಳು ಬಾಗಿಲಿಗೆ ಸಿಕ್ಕಿ ಬಾಗಿತು ಎಂದು ನಿನಗೆ ಹೇಳಿದ್ದೆ. ನೀನು ಚಿಕ್ಕವಳಿದ್ದಾಗ ಅದಕ್ಕೆ ದಿನಾ ಮುತ್ತು ಕೊಡುತ್ತಿದ್ದೆ, ಬಾಗಿಲಿಗೆ ಒಂದು ಒದೆ ಕೊಡುತ್ತಿದ್ದೆ. ಬಾಗಿಲು ಏನೂ ಮಾಡಿರಲಿಲ್ಲ.

ಒಂದು ಸಭಾಂಗಣದಲ್ಲಿ ಹಾಡಲು ಕರೆದಿದ್ದರು. ಅವನಿಗೆ ಹೇಳದೆ ಹೋಗಿದ್ದೆ. ಬಂದ ಮೇಲೆ ಅವನು ಕೂಗಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಮರಕ್ಕೆ ಹಾಕುವ ಹಾಗೆಯೇ ಆ ಕ್ಲಾಂಪನ್ನು ಬೆರಳಿಗೆ ಹಾಕಿದ. ಒಂದು ಸುತ್ತು ತಿರುಗಿಸುವುದು, ಕಿವಿಗೊಟ್ಟು ಕೇಳುವುದು. ಮರುದಿನ ಬೆರಳಿಗೆ ಬಟ್ಟೆ ಕಟ್ಟಿದವನೂ ಅವನೇ. “ನಾನಿದ್ದೀನಲ್ಲ, ಎಲ್ಲಾ ಸರಿ ಮಾಡ್ತೀನಿ” ಅಂದ. ಅವನು ಯಾವಾಗಲೂ ಸರಿ ಮಾಡುತ್ತೇನೆಂದೇ ಬರುತ್ತಿದ್ದ. ಬದಲಾಗುತ್ತಾರೆಯೇ ಎಂದು ಕೇಳಿದೆಯಲ್ಲ. ಬದಲಾದವನು ಅದಕ್ಕೆ ಎಣ್ಣೆ ಹಾಕಿ ಕಳಿಸುತ್ತಿರಲಿಲ್ಲ.

ನೀನು ಅಲ್ಲಿಂದ ಹೊರಡು. ಎಲ್ಲಿಗೆಂದು ನನಗೂ ತೋಚುತ್ತಿಲ್ಲ. ಆದರೆ ಓಡಿದವರ ಹಾಗೆ ಓಡಬೇಡ, ಅದು ಅವನಿಗೆ ಗೊತ್ತಾಗುತ್ತದೆ.

ನಿನ್ನ ಕಾಗದ ಓದಿದ ಮೇಲೆ ಮಂಚದ ಕೆಳಗಿನಿಂದ ಗಿಟಾರ್ ತೆಗೆದೆ. ತಂತಿ ಸಡಿಲಿಸಿ, ರಂಧ್ರದೊಳಗೆ ಕೈ ಹಾಕಿ ಬಿಟ್ಟುಕೊಂಡ ಪಟ್ಟಿಗಾಗಿ ಸವರಿದೆ. ಸಿಕ್ಕಿತು. ಬಡಗಿಯವನ ಹತ್ತಿರ ಒಂದು ಚಮಚ ಅಂಟು ಕೇಳಿ ತಂದಿದ್ದೆ. ಹಚ್ಚಿದೆ. ಒತ್ತಿ ಹಿಡಿಯಲು ಏನೂ ಇರಲಿಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೆರಳುಗಳಲ್ಲೇ ಒತ್ತಿಕೊಂಡು ಕೂತೆ. ಬಾಗಿದ ಬೆರಳೇ ಆ ಮೂಲೆಗೆ ಸರಿಯಾಗಿ ಕೂತಿತು, ನೋಡು.

ಜುಂಯ್ ಹೋಯಿತು. ಮೀಟಿದೆ. ಯಾರ ಗಿಟಾರೋ ಎಂಬಂತೆ ಇದೆ.

ಅಮ್ಮ


೧೯ ಏಪ್ರಿಲ್

ಅಮ್ಮಾ,

ಈ ಕಾಗದವನ್ನು ವೈರು ಅಣ್ಣ ಬೇರೆ ಊರಿಗೆ ಕೆಲಸಕ್ಕೆ ಹೋದಾಗ ಅಲ್ಲಿಂದ ಹಾಕುತ್ತಾನೆ. ಆದ್ದರಿಂದ ತಡವಾಗಿ ಸಿಗಬಹುದು.

ಎರಡು ವಾರ ಅವನು ಗೋಡೆ ತಟ್ಟಿದ, ನಾನು ಪಕ್ಕದಲ್ಲಿ ಕೂತು ಕೆಲಸ ಮಾಡಿದೆ. ಯಾಕೆ ಓಡಲಿಲ್ಲ ಎಂದು ನೀನು ಕೇಳುತ್ತೀಯ. ಅವನು ನನ್ನ ಕಣ್ಣಮುಂದೆ ಇರುವಷ್ಟು ಹೊತ್ತು ನಿನ್ನ ಬಾಗಿಲಲ್ಲಿ ಇರಲಾರ. ಅಷ್ಟೇ ನನ್ನ ಲೆಕ್ಕ. ಮಧ್ಯಾಹ್ನ ಅವನ ಮೇಲಿನ ಕಣ್ಣು ತೆಗೆಯದೆ ಡಬ್ಬಿ ಬಿಚ್ಚಿ ಅನ್ನವೆಲ್ಲ ನೆಲಕ್ಕೆ ಚೆಲ್ಲುತ್ತಿದ್ದೆ. ಯಜಮಾನರು “ಇರುವೆಗೆ ಊಟ ಹಾಕೋ ಹರಕೆ ಏನಾದ್ರೂ ಇದ್ಯಾ?” ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ.

ಮೊನ್ನೆ ಗೋಡೆಯ ಕೆಲಸ ಮುಗಿಯಿತು. ಯಜಮಾನರು ಕೆಳಗೆ ಹೋಗಿದ್ದರು. ಅವನು ಬಂದು ನನ್ನ ಮೇಜಿನ ಪಕ್ಕ ನಿಂತ.

“ಪೊಟ್ಟಣ ಹಾಡಿದವ್ರಿಗೆ ಕೊಟ್ಯಾ?”

ಹಾಡಿದವರು ಯಾರೋ ಗೊತ್ತಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು, ಆ ಸುಳ್ಳು ಬಾಯಿಗೆ ಬರಲಿಲ್ಲ. ಶಾಲೆಯಲ್ಲೂ ಹೀಗೆಯೇ. ‘ಅರ್ಥ ಆಯ್ತಾ’ ಎಂದು ಲೆಕ್ಕದ ಮೇಷ್ಟ್ರು ಕೇಳಿದಾಗ ಇಡೀ ತರಗತಿ ಆಯ್ತು ಎಂದರೆ ನಾನೊಬ್ಬಳು ಎದ್ದು ನಿಂತು, ‘ಇಲ್ಲ, ನಿಮಗೂ ಆದ ಹಾಗಿಲ್ಲ’ ಅಂದಿದ್ದೆ. ಅಲ್ಲಿಗೆ ನನ್ನ ಓದು ಮುಗಿಯಿತು. ಕ್ಲಾಂಪನ್ನು ನೀರಿಗೆ ಹಾಕು ಎಂದಿದ್ದೆ ನೀನು. ನಾನು ಹಾಕಿರಲಿಲ್ಲ, ಚೀಲದಲ್ಲೇ ಇತ್ತು. ತೆಗೆದು ಮೇಜಿನ ಮೇಲಿಟ್ಟೆ.

“ಅವರಿಗೆ ಬೇಡವಂತೆ.”

ಅವನು ಅದನ್ನು ಎತ್ತಿಕೊಂಡು ತಿರುಪನ್ನು ಒಂದು ಸುತ್ತು ತಿರುಗಿಸಿದ. “ಗಿಟಾರ್ ಹಾಗೇ ಬಿಟ್ಟಿದ್ದೀಯ. ದನಿ ಮಾತ್ರ ಯಾಕೆ ಮುಚ್ಚಿದೆ?”

“ಗುರುತು ಸಿಗಬಾರ್ದು ಅಂತ.”

“ಯಾರಿಗೆ?”

“ನಿಮಗೆ.”

ಕೆಳಗೆ ಟೈರಿಗೆ ಗಾಳಿ ತುಂಬುತ್ತಿದ್ದರು. ಅದು ನಿಲ್ಲುವವರೆಗೂ ಅವನು ಕಾದ. ಆಮೇಲೆ ನನ್ನ ಮೇಜನ್ನು ಗೆಣ್ಣಿನಿಂದ ತಟ್ಟಿದ. “ನನ್ನ ಕಿವಿ ಬಂದಿದೆ ನಿಂಗೆ” ಅಂದ. “ಎಷ್ಟೊಂದು ಸದ್ದಿನ ನಡುವೆ ಅದನ್ನೇ ಆರಿಸ್ಕೊಂಡಿದ್ದೀಯಲ್ಲ. ಅಮ್ಮ ಎಲ್ಲಿದ್ದಾಳೆ?”

“ಗೊತ್ತು. ಹೇಳಲ್ಲ.”

“ಹೇಳ್ಬೇಡ ಮಗಾ. ಒಂದಲ್ಲ ಒಂದಿನ ನೀನೇ ಹೋಗ್ತೀಯ. ಮಕ್ಕಳು ತಾಯಿ ಹತ್ರ ಹೋಗ್ದೆ ಇನ್ನೆಲ್ಲಿಗೆ ಹೋಗ್ತವೆ? ನಾನು ಕಾಯ್ತೀನಿ. ಅಂಟು ಒಣಗೋದನ್ನ ಕಾದು ಕಾದು ನಂಗೆ ಅಭ್ಯಾಸ.”

ಮೆಲ್ಲಗೆ ಹೇಳಿದ. ನನ್ನ ತಲೆ ಸವರಿ ಹೋದ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಮೂರು ಸಲ ತಲೆ ತೊಳೆದುಕೊಂಡೆ. ಈಗ ನನ್ನ ಕೋಣೆಯ ಎದುರಿನ ಕಟ್ಟೆಯ ಮೇಲೆ ಕೂತಿರುತ್ತಾನೆ. ಕಂಡರೆ ಕೈಯೆತ್ತುತ್ತಾನೆ.

ನನಗೆ ಭಯವಾಗುತ್ತಿದೆ ಅಮ್ಮಾ. ಧೈರ್ಯವಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ನೀನು ಪಟ್ಟಿ ಅಂಟಿಸಿದೆ ಎಂದು ಓದಿದಾಗಿನಿಂದ ಒಂದು ಯೋಚನೆ ತಲೆಯಲ್ಲಿ ಕೂತಿದೆ. ಆ ಸದ್ದು ಈಗ ನಿನ್ನ ಗಿಟಾರಿನಲ್ಲಿ ಇಲ್ಲ. ನನ್ನ ಕಂಪ್ಯೂಟರಿನಲ್ಲಿ ಇದೆ. ಅವನು ಅದರ ಹಿಂದೆ ಬರುತ್ತಾನೆಯೇ ಹೊರತು ಬೇರೆ ದಾರಿ ಅವನಿಗೆ ತಿಳಿಯದು. ಬರಲಿ. ದೂರದ ಒಂದು ಊರಿನ ಡಾನ್ಸ್ ಹಾಲಿನವರು ಜುಂಯ್ ಹಾಡು ಮಾಡಿದ ಹುಡುಗಿ ಬೇಕೆಂದು ತಿಂಗಳಿನಿಂದ ಕೇಳುತ್ತಿದ್ದರು. ನಿನ್ನ ಊರು ಒಂದು ದಿಕ್ಕಾದರೆ ಅದು ಇನ್ನೊಂದು ದಿಕ್ಕು. ಒಪ್ಪಿಕೊಂಡೆ. ದಿನಾ ಸಂಜೆ ಅಲ್ಲಿ ಆ ಸದ್ದನ್ನು ಗೋಡೆ ಅದುರುವ ಹಾಗೆ ಹಾಕುತ್ತೇನೆ. ಅಲ್ಲಿ ಇನ್ನೂರು ಜನ ಇರುತ್ತಾರೆ, ದೀಪ ಇರುತ್ತದೆ, ಬಾಗಿಲಲ್ಲಿ ಇಬ್ಬರು ದಾಂಡಿಗರು ಇರುತ್ತಾರೆ. ಅವನ ವಿಷಯ ಅವರಿಗೆಲ್ಲ ಫೋನಿನಲ್ಲೇ ಹೇಳಿದ್ದೇನೆ. “ಬರ್ಲಿ ಬಿಡಮ್ಮಾ” ಅಂದರು.

ಯಾವ ಊರು, ಯಾವ ಬಸ್ಸು ಎಂದು ಕೋಣೆಯ ಕಿಟಕಿಯಲ್ಲಿ ನಿಂತು ಯಜಮಾನರಿಗೆ ಫೋನಿನಲ್ಲಿ ಕಟ್ಟೆಯ ತನಕ ಕೇಳಿಸುವಂತೆ ಹೇಳಿದೆ. ಎಲ್ಲವೂ ನಿಜವೇ. ಒಂದೇ ಒಂದು ಸುಳ್ಳು ಸೇರಿಸಬೇಕಾಗಲಿಲ್ಲ.

ಅವನು ನನ್ನ ಹಿಂದೆ ಹೊರಟ ಮೇಲೆ ನೀನು ಮನೆ ಬದಲಾಯಿಸು. ವೈರು ಅಣ್ಣ ಅವನು ಹೊರಟದ್ದನ್ನು ನೋಡಿಕೊಂಡೇ ಈ ಕಾಗದವನ್ನು ಡಬ್ಬಿಗೆ ಹಾಕುತ್ತಾನೆ. ಹೊಸ ವಿಳಾಸವನ್ನು ನನಗೆ ಬರೆಯಬೇಡ. ಅಂಗಡಿ ಅಜ್ಜನಿಗೂ ಹೇಳಿ ಹೋಗಬೇಡ. ನನಗೆ ಗೊತ್ತಿದ್ದರೆ, ಕೇಳಿದಾಗ ಗೊತ್ತು ಎಂದೇ ಹೇಳಿಬಿಡುತ್ತೇನೆ. ಆಮೇಲೆ ಎಷ್ಟು ಸುತ್ತು ತಿರುಗಿಸಿದರೆ ಉಳಿದದ್ದನ್ನೂ ಹೇಳುತ್ತೇನೋ ನನಗೇ ಗೊತ್ತಿಲ್ಲ. ಗೊತ್ತಿಲ್ಲ ಎಂದು ನಾನು ನಿಜವಾಗಿ ಹೇಳುವಂತೆ ಮಾಡು.

ಕ್ಯಾಸೆಟ್ಟನ್ನು ಇದರ ಜೊತೆಗೆ ಇಟ್ಟಿದ್ದೇನೆ. ಕುಕ್ಕರ್ ಕೂಗುವ ಜಾಗದಲ್ಲಿ ನೀನು ನಗುವುದನ್ನು ಮಾತ್ರ ಕತ್ತರಿಸಿ ನನ್ನ ಹತ್ತಿರ ಉಳಿಸಿಕೊಂಡಿದ್ದೇನೆ. ಅದಕ್ಕೆ ಬೀಟ್ ಹಾಕುವುದಿಲ್ಲ.

ಎಲ್ಲಿಯಾದರೂ ಮತ್ತೆ ಹಾಡು. ಜುಂಯ್ ಇಲ್ಲದ ನಿನ್ನ ಹಾಡು ಯಾವುದಾದರೂ ಅಂಗಡಿಯಲ್ಲಿ ನನ್ನ ಕಿವಿಗೆ ಬಿದ್ದರೆ ನಿಂತು ಪೂರ್ತಿ ಕೇಳುತ್ತೇನೆ. ನಿನ್ನದೆಂದು ಯಾರಿಗೂ ಹೇಳುವುದಿಲ್ಲ. ಬಾಯಿಬಿಡದೆ ಇರುವುದು ನನ್ನ ಕೈಲಾಗುತ್ತದೆ, ಹದಿನಾಲ್ಕು ವರ್ಷ ಮಾಡಿದ್ದೇನಲ್ಲ.

ಚೀಲ ಕಟ್ಟಿಯಾಯಿತು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ.

ನಿನ್ನ,
ಪಾದರಸ